‘ಉದ್ವಿಗ್ನತೆ ಹೆಚ್ಚಬಹುದು’ ಎಂದು ಬರೆದರೆ ಸಾಲದು

2023ರ ಏಪ್ರಿಲ್ 13, ಗುರುವಾರ. ಸುಡಾನ್ ಸೇನೆ ಒಂದು ಹೇಳಿಕೆ ಹೊರಡಿಸಿತು. ಅರೆಸೇನಾ ಪಡೆ ಆರ್‌ಎಸ್‌ಎಫ್ ಸೇನೆಯ ಒಪ್ಪಿಗೆಯಿಲ್ಲದೆ ರಾಜಧಾನಿ ಖಾರ್ಟೂಮ್‌ನಲ್ಲೂ ಬೇರೆ ಊರುಗಳಲ್ಲೂ ಜಮಾಯಿಸುತ್ತಿದೆ, ದೇಶ ಅಪಾಯದ ಅಂಚಿಗೆ ಬಂದಿದೆ ಎಂದು ಅದರಲ್ಲಿತ್ತು. ದೇಶಗಳ ರಾಜಕೀಯ ಅಪಾಯವನ್ನು ಅಳೆದು ವರದಿ ಕೊಡುವುದು ನನ್ನ ಕಸುಬು. ಆ ಸಂಜೆ ನಾನು ಬರೆದ ಟಿಪ್ಪಣಿಯ ಕೊನೆಯ ಸಾಲು: ‘ಮುಂಬರುವ ದಿನಗಳಲ್ಲಿ ಉದ್ವಿಗ್ನತೆ ಹೆಚ್ಚುವ ಸಾಧ್ಯತೆಯಿದೆ.’ ಶನಿವಾರ ಬೆಳಿಗ್ಗೆ ಖಾರ್ಟೂಮ್‌ನಲ್ಲಿ ಯುದ್ಧ ಶುರುವಾಯಿತು. ನಾನು ಬರೆದದ್ದು ಸುಳ್ಳಾಗಲಿಲ್ಲ ನಿಜ, ಆದರೆ ಅದನ್ನು ಓದಿದವರು ಮಾಡಬಹುದಾದದ್ದು ಏನೂ ಇರಲಿಲ್ಲ.

ಮೂರ್ನಾಲ್ಕು ದಿನಕ್ಕೆ ನಮ್ಮ ಪತ್ರಿಕೆಗಳಲ್ಲಿ ಹಕ್ಕಿಪಿಕ್ಕಿಗಳ ಸುದ್ದಿ ಬಂತು. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ 31 ಮಂದಿ ಗಿಡಮೂಲಿಕೆ ಔಷಧ ಮಾರಲು ಹೋಗಿ, ಡಾರ್ಫುರ್ ಪ್ರಾಂತ್ಯದ ಎಲ್ ಫಾಶೆರ್ ಪಟ್ಟಣದಲ್ಲಿ ಸಿಕ್ಕಿಬಿದ್ದಿದ್ದರು. ಹೊರಗೆ ಗುಂಡಿನ ಸದ್ದು, ಒಳಗೆ ಊಟ ನೀರಿಗೆ ತತ್ವಾರ. ಆಮೇಲೆ ‘ಆಪರೇಷನ್ ಕಾವೇರಿ’ ನಡೆದು 3,800ಕ್ಕೂ ಹೆಚ್ಚು ಭಾರತೀಯರು ಸುಡಾನ್‌ನಿಂದ ಹೊರಬಂದರು. ಆ ಸುದ್ದಿ ಓದಿದ ದಿನದಿಂದ ನನ್ನ ಆ ಒಂದು ಸಾಲು ಮನಸ್ಸಿನಿಂದ ಹೋಗಿಲ್ಲ.

ಹಾಗಾದರೆ ಇಂಥದ್ದನ್ನು ಮೊದಲೇ ಹೇಳಲು ಬರುತ್ತದೆಯೇ? ಎಲ್ಲಿ ನಡೆದೀತು ಎಂಬುದನ್ನು ಸಾಕಷ್ಟು ಮಟ್ಟಿಗೆ ಹೇಳಬಹುದು. ಯಾವ ದಿನ ಎಂಬುದು ಬಹಳ ಕಷ್ಟ. 1994ರಲ್ಲಿ ಅಮೆರಿಕ ಸರ್ಕಾರ ಇದೇ ಕೆಲಸಕ್ಕೆ ವಿದ್ವಾಂಸರ ತಂಡವೊಂದನ್ನು ಕಟ್ಟಿತು. ಹಣ ಅಲ್ಲಿನ ಗುಪ್ತಚರ ಸಂಸ್ಥೆ ಸಿಐಎಯದ್ದು. ದಶಕಗಳ ಅಂಕಿಅಂಶ ಜಾಲಾಡಿದ ಆ ತಂಡ 2010ರಲ್ಲಿ ಪ್ರಕಟಿಸಿದ ಮಾದರಿಯಲ್ಲಿ ಕೊನೆಗೆ ಉಳಿದದ್ದು ನಾಲ್ಕೇ ಸಂಗತಿ: ಆಡಳಿತದ ಸ್ವರೂಪ, ಶಿಶು ಮರಣ ಪ್ರಮಾಣ, ಅಕ್ಕಪಕ್ಕದ ದೇಶಗಳಲ್ಲಿ ಸಂಘರ್ಷ ಇದೆಯೇ, ಯಾವುದಾದರೂ ಸಮುದಾಯದ ಮೇಲೆ ಸರ್ಕಾರವೇ ತಾರತಮ್ಯ ನಡೆಸುತ್ತಿದೆಯೇ. ಪೂರ್ತಿ ಸರ್ವಾಧಿಕಾರಕ್ಕಿಂತ, ಬಣಗಳಾಗಿ ಒಡೆದ ಅರೆಬರೆ ಪ್ರಜಾಪ್ರಭುತ್ವವೇ ಹೆಚ್ಚು ಅಪಾಯಕಾರಿ ಎಂಬುದು ಅದರ ದೊಡ್ಡ ಶೋಧ.

ಶಿಶು ಮರಣಕ್ಕೂ ದಂಗೆಗೂ ಏನು ಸಂಬಂಧ ಎಂದು ಹೊಸಬರು ಕೇಳುತ್ತಾರೆ. ಹೆರಿಗೆಯ ಹೊತ್ತಿಗೆ ನರ್ಸ್ ಇದ್ದಳೇ, ಅವಳ ಸಂಬಳ ಬಂದಿತ್ತೇ, ಆಸ್ಪತ್ರೆಗೆ ರಸ್ತೆ ಇತ್ತೇ, ಕುಡಿಯುವ ನೀರು ಶುದ್ಧವಿತ್ತೇ, ಇವೆಲ್ಲಕ್ಕೂ ಸೇರಿ ಆ ಒಂದು ಸಂಖ್ಯೆ ಉತ್ತರ ಕೊಡುತ್ತದೆ. ಜಿಡಿಪಿ ನೋಡಿದರೆ ತೈಲ ಮಾರಿದ ದುಡ್ಡು ಕಾಣುತ್ತದೆ, ಸರ್ಕಾರ ಊರೊಳಗೆ ಎಲ್ಲಿಯವರೆಗೆ ತಲುಪಿದೆ ಎಂಬುದು ಕಾಣುವುದಿಲ್ಲ.

ಎರಡು ವರ್ಷ ಮುಂಚಿತವಾಗಿ ಶೇ 80ಕ್ಕೂ ಹೆಚ್ಚು ನಿಖರತೆ ಎಂದು ಆ ಮಾದರಿ ಹೆಸರು ಮಾಡಿತು. ಇಲ್ಲಿ ಎಲ್ಲರೂ ಎಡವುತ್ತಾರೆ, ಆದ್ದರಿಂದ ಒಂದು ಲೆಕ್ಕ ಮಾಡಿ ನೋಡೋಣ. 160 ದೇಶಗಳಿವೆ, ಅವುಗಳಲ್ಲಿ 5 ದೇಶ ಕುಸಿಯಲಿವೆ ಎಂದಿಟ್ಟುಕೊಳ್ಳಿ. ಮಾದರಿ ಆ ಐದರಲ್ಲಿ 4ನ್ನು ಹಿಡಿಯುತ್ತದೆ. ಉಳಿದ 155ರಲ್ಲಿ ಶೇ 20ರಷ್ಟು ತಪ್ಪಿದರೆ, ಏನೂ ಆಗದ 31 ದೇಶಗಳೂ ಪಟ್ಟಿಗೆ ಬರುತ್ತವೆ. ಒಟ್ಟು 35 ಹೆಸರು, ಕುಸಿಯುವುದು 4. ‘ಶೇ 80’ ಎಂಬ ಮಾತು ಕೇಳಿದವರಿಗೆ ಈ 35ರ ಪಟ್ಟಿಯನ್ನೂ ತೋರಿಸಬೇಕು. ತೋರಿಸದೆ ಇರುವುದು ಮೋಸ ಎಂದೇ ನನ್ನ ಅಭಿಪ್ರಾಯ.

ಸುಡಾನ್ ಇಂಥ ಯಾವ ಪಟ್ಟಿಯಿಂದಲೂ ತಪ್ಪಿಸಿಕೊಳ್ಳುವ ದೇಶವಲ್ಲ. 1956ರಲ್ಲಿ ಸ್ವತಂತ್ರವಾದ ಮೇಲೆ 1958, 1969, 1985, 1989, 2019, 2021ರಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿದೆ. ಅಂದರೆ ಸರಾಸರಿ 11 ವರ್ಷಕ್ಕೊಮ್ಮೆ. ಯಾವ ದೇಶದ ಕಡತ ತೆರೆದರೂ ನಾನು ಮೊದಲು ನೋಡುವುದು ಈ ಮೂಲ ದರವನ್ನು, ಅಂದರೆ ಇಂಥದ್ದು ಅಲ್ಲಿ ಹಿಂದೆ ಎಷ್ಟು ಸಲ ನಡೆದಿದೆ ಎಂಬುದನ್ನು, ಆ ದಿನದ ಸುದ್ದಿಯನ್ನು ಆಮೇಲೆ. 2011ರಲ್ಲಿ ದಕ್ಷಿಣ ಸುಡಾನ್ ಬೇರೆಯಾದಾಗ ತೈಲದ ಮುಕ್ಕಾಲು ಪಾಲು ಕೈಬಿಟ್ಟುಹೋಯಿತು. 2018ರ ಡಿಸೆಂಬರ್‌ನಲ್ಲಿ ಬ್ರೆಡ್ಡಿನ ಬೆಲೆ ಒಂದು ಸುಡಾನ್ ಪೌಂಡಿನಿಂದ ಮೂರಕ್ಕೆ ಏರಿದಾಗ ಅಟ್ಬರಾ ಪಟ್ಟಣದ ಜನ ಬೀದಿಗಿಳಿದರು. ನಾಲ್ಕು ತಿಂಗಳೊಳಗೆ ಒಮರ್ ಅಲ್ ಬಶೀರ್ ಅವರ 30 ವರ್ಷದ ಆಳ್ವಿಕೆ ಮುಗಿಯಿತು.

ಆದರೆ 2023ರ ಯುದ್ಧದ ಬೇರು ಇರುವುದು ಬ್ರೆಡ್ಡಿನಲ್ಲಲ್ಲ. ತನ್ನದೇ ಸೇನೆಯ ಮೇಲೆ ಪೂರ್ತಿ ಭರವಸೆಯಿಲ್ಲದ ಬಶೀರ್, ಡಾರ್ಫುರ್‌ನ ಜಂಜವೀದ್ ಎಂಬ ಸಶಸ್ತ್ರ ಗುಂಪುಗಳಿಂದ 2013ರಲ್ಲಿ ಆರ್‌ಎಸ್‌ಎಫ್ ಅನ್ನು ಬೆಳೆಸಿದರು. ಸೇನೆ ತಿರುಗಿಬಿದ್ದರೆ ಎದುರಿಗೆ ಇನ್ನೊಂದು ಬಂದೂಕು ಇರಲಿ ಎಂಬ ಎಣಿಕೆ. ಕೊನೆಗೆ ಎರಡೂ ಸೇರಿಯೇ ಅವರನ್ನು ಇಳಿಸಿದವು. 2022ರ ಡಿಸೆಂಬರ್‌ನ ನಾಗರಿಕ ಆಡಳಿತಕ್ಕೆ ಮರಳುವ ಒಪ್ಪಂದದಂತೆ ಆರ್‌ಎಸ್‌ಎಫ್ ಸೇನೆಯಲ್ಲಿ ವಿಲೀನವಾಗಬೇಕಿತ್ತು. ಎರಡು ವರ್ಷದಲ್ಲಿ ಮುಗಿಸಿ ಎಂದಿತು ಸೇನೆ, ಹತ್ತು ವರ್ಷ ಬೇಕು ಎಂದಿತು ಆರ್‌ಎಸ್‌ಎಫ್. ಇದನ್ನು ಬರೀ ಚೌಕಾಸಿ ಎಂದುಕೊಂಡವರು ಹಲವರು. ನಾನೂ ಅವರಲ್ಲೊಬ್ಬ. ಜೇಮ್ಸ್ ಫಿಯರನ್ ಎಂಬ ವಿದ್ವಾಂಸರು 1995ರಲ್ಲೇ ಇಂಥ ಬಿಕ್ಕಟ್ಟನ್ನು ವಿವರಿಸಿದ್ದರು: ಇಂದು ಕೊಟ್ಟ ಮಾತನ್ನು ನಾಳೆ ಉಳಿಸಿಕೊಳ್ಳುವಂತೆ ಮಾಡುವ ಮೂರನೆಯವರಿಲ್ಲ. ವಿಲೀನವಾದ ಮರುದಿನವೇ ಆರ್‌ಎಸ್‌ಎಫ್ ನಾಯಕ ಹೆಮೆಟಿಯ ಬಲ ಕರಗುತ್ತದೆ. ವಿಲೀನ ತಡವಾದರೆ ಸೇನಾ ಮುಖ್ಯಸ್ಥ ಬುರ್ಹಾನ್ ಎದುರಿನ ಪಡೆ ಇನ್ನಷ್ಟು ಬೆಳೆಯುತ್ತದೆ. ಹೀಗಿರುವಾಗ ಗಡುವು ಹತ್ತಿರವಾದಷ್ಟೂ ಮೊದಲ ಏಟು ಕೊಡುವ ಆಸೆ ಇಬ್ಬರಿಗೂ ಹೆಚ್ಚುತ್ತದೆ. ಅಂತಿಮ ಒಪ್ಪಂದಕ್ಕೆ ಏಪ್ರಿಲ್ 1ಕ್ಕೆ ಆಗಬೇಕಿದ್ದ ಸಹಿ 6ಕ್ಕೆ ಹೋಯಿತು, ಆ ದಿನವೂ ಆಗಲಿಲ್ಲ.

ಆ ವಾರ ನನ್ನ ಕಣ್ಣಿಗೆ ಬಿದ್ದೂ ತೂಕ ಕೊಡದ ಒಂದು ಸಂಗತಿಯಿತ್ತು. ಆರ್‌ಎಸ್‌ಎಫ್ ಪಡೆಗಳು ಉತ್ತರದ ಮೆರೋವೆಗೆ ಹೋಗಿದ್ದವು. ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಎರಡು ಊಹೆಗಳನ್ನು ಅಕ್ಕಪಕ್ಕ ಇಟ್ಟು, ಪ್ರತಿ ಸುಳಿವನ್ನೂ ‘ಇದು ಯಾವ ಊಹೆಯನ್ನು ಸುಳ್ಳಾಗಿಸುತ್ತದೆ?’ ಎಂದು ಕೇಳುವುದು. ರಾಜಧಾನಿಯಲ್ಲಿ ಪಡೆ ಸೇರಿಸುವುದು ಬೆದರಿಕೆಗೂ ಸರಿಹೊಂದುತ್ತದೆ, ಯುದ್ಧಕ್ಕೂ ಸರಿಹೊಂದುತ್ತದೆ. ಹಾಗಾಗಿ ಆ ಸುಳಿವಿನಿಂದ ಏನೂ ತಿಳಿಯುವುದಿಲ್ಲ. ಮೆರೋವೆಯಲ್ಲಿ ಇರುವುದು ವಾಯುನೆಲೆ. ಯುದ್ಧವಿಮಾನಗಳಿರುವುದು ಸೇನೆಯ ಬಳಿ, ಆರ್‌ಎಸ್‌ಎಫ್ ಬಳಿ ಅಲ್ಲ. ವಿಮಾನವಿಲ್ಲದ ಪಡೆ ಎದುರಾಳಿಯ ವಾಯುನೆಲೆಯ ಬಾಗಿಲಲ್ಲಿ ನಿಂತಿತೆಂದರೆ ಬರೀ ಬೆದರಿಕೆ ಎಂಬ ಊಹೆ ತುಂಬ ದುರ್ಬಲವಾಗುತ್ತದೆ. ಗುರುವಾರ ಸಂಜೆ ಈ ಪ್ರಶ್ನೆಯನ್ನು ನಾನು ಕೇಳಿಕೊಂಡಿದ್ದರೆ ಆ ಸಾಲು ಬೇರೆ ಇರುತ್ತಿತ್ತು.

ಇನ್ನು ‘ಸಾಧ್ಯತೆಯಿದೆ’ ಎಂಬ ಪದದ ವಿಷಯ. 1951ರಲ್ಲಿ ಸಿಐಎ ವಿಶ್ಲೇಷಕರು ಯುಗೊಸ್ಲಾವಿಯಾದ ಮೇಲೆ ದಾಳಿಯ ‘ಗಂಭೀರ ಸಾಧ್ಯತೆ’ ಇದೆ ಎಂದು ಬರೆದರು. ಹಾಗೆಂದರೆ ಎಷ್ಟು ಎಂದು ತಂಡದ ಹಿರಿಯ ಶೆರ್ಮನ್ ಕೆಂಟ್ ಸಹೋದ್ಯೋಗಿಗಳನ್ನು ವಿಚಾರಿಸಿದರೆ, ಒಬ್ಬರ ಲೆಕ್ಕ ಶೇ 20, ಇನ್ನೊಬ್ಬರದು ಶೇ 80. ಒಂದೇ ವರದಿಗೆ ಒಪ್ಪಿಗೆ ಕೊಟ್ಟವರ ನಡುವೆ ಇಷ್ಟು ಅಂತರ! ಸಂಖ್ಯೆ ಬರೆದರೆ ಅದನ್ನು ಆಮೇಲೆ ತೂಗಿ ನೋಡಬಹುದು. ಹವಾಮಾನ ತಜ್ಞ ಗ್ಲೆನ್ ಬ್ರಯರ್ 1950ರಲ್ಲಿ ಕೊಟ್ಟ ಅಂಕ ಪದ್ಧತಿಯನ್ನೇ ನಾವೂ ಬಳಸುತ್ತೇವೆ. ಹೇಳಿದ್ದಕ್ಕೂ ನಡೆದದ್ದಕ್ಕೂ ಇರುವ ಅಂತರದ ವರ್ಗವೇ ಅಂಕ, ಕಡಿಮೆಯಿದ್ದಷ್ಟೂ ಒಳ್ಳೆಯದು. ಶೇ 70 ಎಂದಿದ್ದು ನಡೆದರೆ ತಪ್ಪಿನ ಅಂಕ 0.09, ಶೇ 50 ಎಂದು ನಡುವೆ ನಿಂತರೆ 0.25. ‘ಉದ್ವಿಗ್ನತೆ ಹೆಚ್ಚಬಹುದು’ ಎಂಬುದಕ್ಕೆ ಯಾವ ಅಂಕವೂ ಇಲ್ಲ, ಹಾಗಾಗಿ ಅದನ್ನು ಬರೆದವನು ಕಲಿಯುವುದೂ ಇಲ್ಲ.

ಆದರೆ ಎಲ್ ಫಾಶೆರ್‌ನ ಮುಂದಿನ ಕಥೆ ನೋಡಿದರೆ ಬರೀ ಮುನ್ಸೂಚನೆಯನ್ನು ದೂರುವಂತಿಲ್ಲ. 2024ರಲ್ಲಿ ಆರ್‌ಎಸ್‌ಎಫ್ ಆ ಪಟ್ಟಣವನ್ನು ಮುತ್ತಿತು. ಆ ವರ್ಷದ ಜೂನ್‌ನಲ್ಲೇ ಮುತ್ತಿಗೆ ನಿಲ್ಲಿಸಿ ಎಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ನಿರ್ಣಯ ಮಾಡಿತು. ಪಟ್ಟಣದ ಸುತ್ತ ಏಳುತ್ತಿದ್ದ ಮಣ್ಣಿನ ಏರಿಯನ್ನು ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಉಪಗ್ರಹ ಚಿತ್ರಗಳಲ್ಲಿ ಗುರುತಿಸಿ ಸಾರಿ ಹೇಳಿದರು. ಎಲ್ಲಿ, ಯಾರಿಂದ, ಯಾರ ಮೇಲೆ ಎಂಬುದೆಲ್ಲ ಗೊತ್ತಿತ್ತು. 2025ರ ಅಕ್ಟೋಬರ್ 26ರಂದು ಪಟ್ಟಣ ಆರ್‌ಎಸ್‌ಎಫ್ ಕೈಗೆ ಬಿತ್ತು, ಸಾಮೂಹಿಕ ಹತ್ಯೆಗಳು ನಡೆದವು.

ಅಪಾಯ ಗೊತ್ತಾದರೆ ಸಾಲದು, ಆಗ ಏನು ಮಾಡಬೇಕು ಎಂಬುದೂ ಬೇಕು. ಹಾಗಾಗಿ ಈಗ ನನ್ನ ಪ್ರತಿ ವರದಿಯ ಕೊನೆಗೆ ಒಂದು ಪುಟ ಸೇರಿಸುತ್ತೇನೆ. ಅಪಾಯ ಶೇ 20 ದಾಟಿದರೆ ಯಾರಿಗೆ ಫೋನ್ ಹೋಗಬೇಕು, ಶೇ 40 ದಾಟಿದರೆ ಯಾರು ಅಲ್ಲಿಂದ ಹೊರಡಬೇಕು, ಯಾವ ರಸ್ತೆಯಲ್ಲಿ, ಆ ರಸ್ತೆ ಮುಚ್ಚಿದ್ದರೆ ಎಲ್ಲಿ ತಂಗಬೇಕು, ಎಷ್ಟು ದಿನದ ನೀರು ಕೂಡಿಡಬೇಕು. ಖಾರ್ಟೂಮ್‌ನಿಂದ ಪೋರ್ಟ್ ಸುಡಾನ್ ಬಂದರಿಗೆ ಸುಮಾರು 850 ಕಿಲೋಮೀಟರ್. ಎಲ್ ಫಾಶೆರ್ ಇರುವುದು ಖಾರ್ಟೂಮ್‌ನಿಂದ ಇನ್ನೂ ಬಹುದೂರ ಪಶ್ಚಿಮಕ್ಕೆ. ಆ ಪುಟವನ್ನು ಕನ್ನಡದಲ್ಲೂ ಬರೆದು, ಹೊರದೇಶಕ್ಕೆ ಹೋಗುವ ಹಕ್ಕಿಪಿಕ್ಕಿ ಕುಟುಂಬಗಳ ಫೋನಿಗೇ ತಲುಪಿಸುವ ವ್ಯವಸ್ಥೆ ಆಗಬೇಕು.