ಹೆಡ್‌ಫೋನ್‌ಗೂ ಬೇಕು ಕಿವಿಯ ಅಳತೆ

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಯಾವುದೇ ಮೊಬೈಲ್ ಅಂಗಡಿಗೆ ಹೋಗಿ ಹೆಡ್‌ಫೋನ್ ಪೆಟ್ಟಿಗೆಗಳನ್ನು ತಿರುಗಿಸಿ ನೋಡಿ. ಮುನ್ನೂರು ರೂಪಾಯಿಯದರ ಮೇಲೂ ಮೂವತ್ತು ಸಾವಿರದ್ದರ ಮೇಲೂ ಹೆಚ್ಚುಕಡಿಮೆ ಒಂದೇ ಸಾಲು ಅಚ್ಚಾಗಿರುತ್ತದೆ: 20 ಹರ್ಟ್ಸ್‌ನಿಂದ 20,000 ಹರ್ಟ್ಸ್, ಅಂದರೆ ಸೆಕೆಂಡಿಗೆ 20ರಿಂದ 20,000 ಕಂಪನ. ಮನುಷ್ಯನಿಗೆ ಕೇಳಿಸುವ ವ್ಯಾಪ್ತಿಯೇ ಅಷ್ಟು, ಅದೂ ಎಳೆಯ ಕಿವಿಗೆ. ನಡುವಯಸ್ಸಿಗೆ ಬರುವಷ್ಟರಲ್ಲಿ ಮೇಲಿನ ತುದಿ ಎಷ್ಟೋ ಕೆಳಗಿಳಿದಿರುತ್ತದೆ. ಆ ಎರಡು ತುದಿಗಳ ನಡುವೆ ಯಾವ ಕಂಪನಾಂಕ ಎಷ್ಟು ಜೋರಾಗಿ ಬರುತ್ತದೆ ಎಂಬುದೇ ಮುಖ್ಯ. ಅದನ್ನು ಮಾತ್ರ ಪೆಟ್ಟಿಗೆ ಹೇಳುವುದಿಲ್ಲ. 40 ಹರ್ಟ್ಸ್‌ನ ಧ್ವನಿ 1,000 ಹರ್ಟ್ಸ್‌ನದಕ್ಕಿಂತ 20 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಕುಗ್ಗಿದ್ದರೂ ಆ ಸಾಲನ್ನು ಅಚ್ಚು ಹಾಕಲು ಯಾವ ಅಡ್ಡಿಯೂ ಇಲ್ಲ. "50 ಮಿಲಿಮೀಟರ್ ಡ್ರೈವರ್", "ಎಕ್ಸ್‌ಟ್ರಾ ಬೇಸ್" ಎಂಬ ಮಾತುಗಳ ಬೆಲೆಯೂ ಅಷ್ಟೇ. (ಡ್ರೈವರ್ ಎಂದರೆ ಒಳಗಿನ ಪುಟ್ಟ ಸ್ಪೀಕರ್, ಬೇಸ್ ಎಂದರೆ ಮಂದ್ರ ಧ್ವನಿ.)

ಹಾಗಾದರೆ ಹಣವನ್ನೇ ಅಳತೆಗೋಲು ಮಾಡಿಕೊಳ್ಳೋಣ, ದುಬಾರಿಯಾದದ್ದು ಚೆನ್ನಾಗಿಯೇ ಇರುತ್ತದೆ ಎಂದು ನಂಬುವವರು ಬಹಳ ಮಂದಿ. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಧ್ವನಿ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಬೆಲೆಯ ಪಕ್ಕದಲ್ಲಿಟ್ಟು ನೋಡಿದರು. ಯಾವ ಕಂಪನಾಂಕ ಎಷ್ಟು ಜೋರು ಎಂಬ ನಕ್ಷೆಗೂ ಅಂಗಡಿಯ ಬೆಲೆಗೂ ಸಂಬಂಧವೇ ಕಾಣಲಿಲ್ಲ. ಹೆಚ್ಚು ಹಣ ಕೊಟ್ಟರೆ ಗಟ್ಟಿ ಮೈಕಟ್ಟು, ಮೆತ್ತನೆ ದಿಂಬು, ಒಳ್ಳೆಯ ಬ್ಯಾಟರಿ ಸಿಗಬಹುದು. ನಾದ ಸಿಕ್ಕೇ ಸಿಗುತ್ತದೆ ಎಂಬ ಖಾತರಿ ಇಲ್ಲ.

ನಾದವನ್ನು ಎಲ್ಲಕ್ಕಿಂತ ಹೆಚ್ಚಾಗಿ ತೀರ್ಮಾನಿಸುವ ಒಂದು ಸಂಗತಿ ಪೆಟ್ಟಿಗೆಯ ಮೇಲೆ ಬರೆಯಲು ಆಗುವಂಥದ್ದೇ ಅಲ್ಲ. ನಿಮ್ಮ ಕಿವಿಗೂ ಹೆಡ್‌ಫೋನಿಗೂ ನಡುವೆ ಸಿಕ್ಕಿಕೊಂಡಿರುವ ಗಾಳಿ ಅದು.

ಇದು ಎಷ್ಟು ಸೊಗಸಾದ ಭೌತಶಾಸ್ತ್ರ ಎಂದರೆ, ಸ್ವಲ್ಪ ನಿಂತು ನೋಡಲೇಬೇಕು. ಜಾತ್ರೆಯಲ್ಲಿ ಕಟ್ಟುವ ಧ್ವನಿವರ್ಧಕದ ಬೇಸ್ ಪೆಟ್ಟಿಗೆ ಆಳೆತ್ತರ ಇರುತ್ತದೆ. ಇಯರ್‌ಫೋನಿನ ಒಳಗೆ ನಡುಗಿ ಧ್ವನಿ ಹುಟ್ಟಿಸುವ ತೆಳು ಪೊರೆ, ಡಯಾಫ್ರಾಮ್, ಅಂಗಿಯ ಗುಂಡಿಯಷ್ಟು. ಆದರೂ 30 ಹರ್ಟ್ಸ್‌ನ ಗಂಭೀರ ನಾದ ಎರಡರಿಂದಲೂ ಹೊರಡಬಲ್ಲದು. ಹೇಗೆ? 30 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 11 ಮೀಟರ್. ಬಯಲಿನಲ್ಲಿ ಇಂಥ ಉದ್ದನೆಯ ಅಲೆಯನ್ನು ಎಬ್ಬಿಸಲು ರಾಶಿ ಗಾಳಿಯನ್ನು ಅಲುಗಿಸಬೇಕು. 12 ಇಂಚಿನ ಸ್ಪೀಕರ್ ಒಂದು ಮೀಟರ್ ದೂರಕ್ಕೆ 90 ಡೆಸಿಬೆಲ್ ಮುಟ್ಟಿಸಬೇಕಾದರೆ ಅದರ ಕೋನ್ ಮಿಲಿಮೀಟರ್‌ಗಳ ಲೆಕ್ಕದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡಬೇಕು. ಕಂಪನಾಂಕ ಅರ್ಧಕ್ಕಿಳಿದರೆ ಓಡಾಟ ನಾಲ್ಕು ಪಟ್ಟಾಗಬೇಕು.

ಮುಚ್ಚಿದ ಕಿವಿಯೊಳಗೆ ಲೆಕ್ಕವೇ ಬೇರೆ. ಅಲ್ಲಿರುವುದು ಒಂದೆರಡು ಘನ ಸೆಂಟಿಮೀಟರ್ ಗಾಳಿ. 11 ಮೀಟರ್ ಉದ್ದದ ಅಲೆಗೆ ಅಲ್ಲಿ ಹರಡಲು ಜಾಗವೇ ಇಲ್ಲ, ಆದ್ದರಿಂದ ಅದು ಅಲೆಯಾಗಿ ವರ್ತಿಸುವುದೂ ಇಲ್ಲ. ಇಡೀ ಗಾಳಿಯ ಒತ್ತಡ ಒಟ್ಟಿಗೇ ಏರುತ್ತದೆ, ಒಟ್ಟಿಗೇ ಇಳಿಯುತ್ತದೆ. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳಿಟ್ಟು ಹಿಡಿಯನ್ನು ಒತ್ತಿ ನೋಡಿ: ಒಂದಿಷ್ಟು ಒತ್ತಿದರೂ ಬೆರಳಿಗೆ ಗಾಳಿ ಬಲವಾಗಿ ತಾಗುತ್ತದೆ. ಬೆರಳು ತೆಗೆದರೆ ಎಷ್ಟು ಒತ್ತಿದರೂ ಗಾಳಿ ಹೊರಗೆ ಹೋಗುತ್ತದೆ, ಒತ್ತಡ ಹುಟ್ಟುವುದಿಲ್ಲ. ಮುಚ್ಚಿದ ಕಿವಿಯಲ್ಲಿ 90 ಡೆಸಿಬೆಲ್ ಬರಲು 10 ಮಿಲಿಮೀಟರ್ ಅಗಲದ ಡಯಾಫ್ರಾಮ್ ಎಷ್ಟು ಅಲುಗಬೇಕು ಎಂದು ಲೆಕ್ಕ ಹಾಕಿದರೆ ಉತ್ತರ ಒಂದು ಮೈಕ್ರೋಮೀಟರ್‌ನ ಐದನೆಯ ಒಂದು ಭಾಗಕ್ಕೆ ಹತ್ತಿರ ಬರುತ್ತದೆ. ನಮ್ಮ ತಲೆಗೂದಲಿನ ದಪ್ಪದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ! ಅಷ್ಟು ಸಣ್ಣ ನಡುಕ ಡೊಳ್ಳಿನ ಮೊಳಗನ್ನು ಕಿವಿತಮಟೆಗೆ ಮುಟ್ಟಿಸುತ್ತದೆ. ಕಿವಿಗೂ ಇಯರ್‌ಫೋನಿಗೂ ನಡುವೆ ಬಿರುಕಿಲ್ಲದಿದ್ದರೆ ಮಾತ್ರ.

ಕೂದಲೆಳೆಯಷ್ಟು ಸಂದಿ ಸಾಕು, ಬೇಸ್ ಸೋರಿ ಹೋಗುತ್ತದೆ. ಬೇಸ್ ಮಾತ್ರ ಏಕೆ? ಮಂದ್ರ ಧ್ವನಿಯ ಒತ್ತಡ ನಿಧಾನವಾಗಿ ಏರಿಳಿಯುವುದರಿಂದ ಗಾಳಿಗೆ ಸಂದಿಯಲ್ಲಿ ನುಸುಳಿ ಹೊರಹೋಗಲು ಸಮಯ ಸಿಗುತ್ತದೆ. ತಾರಧ್ವನಿಯಲ್ಲಿ ಒತ್ತಡ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತದೆ. ಸಂದಿಯೊಳಗಿನ ಗಾಳಿ ಒಂದು ಕಡೆಗೆ ಹೊರಡುವಷ್ಟರಲ್ಲಿ ಹಿಂದಕ್ಕೆ ಎಳೆಸಿಕೊಂಡಿರುತ್ತದೆ. ಹಾಗಾಗಿ ಹಾಡಿನ ಮೇಲ್ಭಾಗ ಹಾಗೆಯೇ ಉಳಿದು ಬುಡ ಮಾತ್ರ ಕರಗುತ್ತದೆ. ಕೊಂಡವರು "ಇದರಲ್ಲಿ ಬೇಸೇ ಇಲ್ಲ" ಎಂದು ಕಂಪನಿಯನ್ನು ಬೈಯುತ್ತಾರೆ. ಇಯರ್‌ಫೋನಿನ ಜೊತೆ ಬಂದ ದೊಡ್ಡ ಮತ್ತು ಸಣ್ಣ ರಬ್ಬರ್ ತುದಿಗಳು ಪೆಟ್ಟಿಗೆಯಲ್ಲೇ ಉಳಿದಿರುತ್ತವೆ! ಒಬ್ಬರದೇ ಎರಡು ಕಿವಿಗಳ ಅಳತೆ ಬೇರೆಬೇರೆ ಇರಬಹುದು, ಎಡಕ್ಕೆ ಒಂದು, ಬಲಕ್ಕೆ ಇನ್ನೊಂದು ತುದಿ ಹಾಕಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ತಲೆಯ ಮೇಲೆ ಕೂರುವ ಹೆಡ್‌ಫೋನ್ ಆದರೆ ಕನ್ನಡಕದ ಕಡ್ಡಿ, ಓಲೆ, ಜುಮುಕಿ, ದಪ್ಪ ಜಡೆ ಎಲ್ಲವೂ ಸಂದಿ ಮಾಡುತ್ತವೆ. ಅಂಗಡಿಯಲ್ಲಿ ಹಾಕಿಕೊಂಡಾಗ ಎರಡೂ ಬಟ್ಟಲುಗಳನ್ನು ಅಂಗೈಯಿಂದ ಮೆಲ್ಲಗೆ ಕಿವಿಗೆ ಒತ್ತಿ. ಒತ್ತಿದೊಡನೆ ಬೇಸ್ ಏರಿದರೆ ಆ ಹೆಡ್‌ಫೋನ್ ನಿಮ್ಮ ತಲೆಗೆ ಕೂತಿಲ್ಲ ಎಂದು ಅರ್ಥ. ಅದು ಎಷ್ಟೇ ದುಬಾರಿಯದಾಗಿರಲಿ, ಕೆಳಗಿಡಿ.

ಹೆಡ್‌ಫೋನಿನ ಚರಿತ್ರೆಯನ್ನೂ ಈ ಸಂದಿಯ ಕಣ್ಣಿನಿಂದಲೇ ಓದಬಹುದು. 1910ರಲ್ಲಿ ಅಮೆರಿಕದ ಯೂಟಾ ರಾಜ್ಯದ ನಥಾನಿಯಲ್ ಬಾಲ್ಡ್‌ವಿನ್ ತಮ್ಮ ಅಡುಗೆಮನೆಯಲ್ಲಿ ಜೋಡಿಸಿದ ಹೆಡ್‌ಫೋನ್‌ಗಳನ್ನು ಅಮೆರಿಕದ ನೌಕಾಪಡೆ ಕೊಂಡುಕೊಂಡಿತು. 1937ರಲ್ಲಿ ಜರ್ಮನಿಯ ಬೇಯರ್ ಕಂಪನಿ ತಂದ ಡಿಟಿ 48, ಇಂದಿನ ಹೆಡ್‌ಫೋನ್‌ಗಳಂತೆಯೇ ಸುರುಳಿ ಮತ್ತು ಅಯಸ್ಕಾಂತದಿಂದ ನಡೆಯುವ ಮೊದಲ ಮಾದರಿ. ಅದು ಕಿವಿಯನ್ನು ಬಿಗಿಯಾಗಿ ಮುಚ್ಚುತ್ತಿತ್ತು. ಶ್ರವಣ ಪರೀಕ್ಷೆಗೂ ಅದನ್ನು ಬಳಸುತ್ತಿದ್ದರು. 1958ರಲ್ಲಿ ಜಾನ್ ಕಾಸ್ ಸ್ಟೀರಿಯೋ ಹೆಡ್‌ಫೋನನ್ನು ಸಂಗೀತ ಕೇಳುವವರ ಮುಂದಿಟ್ಟರು. 1968ರಲ್ಲಿ ಸೆನ್‌ಹೈಸರ್ ಕಂಪನಿಯ ಎಚ್‌ಡಿ 414 ಇದಕ್ಕೆ ತಿರುವು ಕೊಟ್ಟಿತು: ಹಿಂಭಾಗವೇ ತೆರೆದ ಹೆಡ್‌ಫೋನ್! ಬೇಸ್ ಸ್ವಲ್ಪ ಹೋಗಲಿ, ಬದಲಿಗೆ ಧ್ವನಿ ತಲೆಯೊಳಗೆ ಕಟ್ಟಿಹಾಕಿದಂತಿರದೆ ಬಿಡುವಾಗಿ ಕೇಳಲಿ ಎಂಬ ಲೆಕ್ಕಾಚಾರ. ಇಂದಿಗೂ ಈ ಆಯ್ಕೆ ಹಾಗೆಯೇ ಇದೆ. ಊರಿನ ಮನೆಯಲ್ಲಿ ರಾತ್ರಿ ಎಲ್ಲರೂ ಮಲಗಿದ ಮೇಲೆ ವೀಣೆಯನ್ನೋ ಪಿಟೀಲಿನ ಆಲಾಪನೆಯನ್ನೋ ಕೇಳುವವರಿಗೆ ತೆರೆದ ಹೆಡ್‌ಫೋನಿನಷ್ಟು ಹಿತವಾದದ್ದು ಇಲ್ಲ. ಬಸ್ಸಿನಲ್ಲಿ ಅದು ನಿಷ್ಪ್ರಯೋಜಕ.

ಬೇಸ್ ಸೋರಿದ್ದು ಬಹಳ ಜನರಿಗೆ ತಿಳಿಯುವುದೇ ಇಲ್ಲ. ಕಾರಣ ಮೆದುಳು. ಹಳೆಯ ದೂರವಾಣಿಯಲ್ಲಿ ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನದು ಹಾದು ಬರುತ್ತಿರಲಿಲ್ಲ. ಗಂಡಸರ ಕಂಠದ ಮೂಲ ಕಂಪನ ಅದಕ್ಕೂ ಎಷ್ಟೋ ಕೆಳಗೆ, 100ರ ಆಚೀಚೆ. ಆದರೂ ಅಪ್ಪನ ದನಿ ಅಪ್ಪನ ದನಿಯಾಗಿಯೇ ಕೇಳುತ್ತಿತ್ತು. ಮೇಲಿನ ಸಂವಾದಿ ಸ್ವರಗಳು 300, 400, 500 ಎಂದು ಸಾಲಾಗಿ ಬಂದರೆ ಇಲ್ಲದ 100ನ್ನು ಮೆದುಳೇ ತುಂಬಿಕೊಳ್ಳುತ್ತದೆ. ಆದ್ದರಿಂದ ಬೇಸ್ ಇದೆಯೇ ಎಂದು ಹಾಡುವ ಕಂಠದಿಂದ ಪರೀಕ್ಷಿಸಬೇಡಿ, ಮೃದಂಗದಿಂದ ಪರೀಕ್ಷಿಸಿ. ಮೃದಂಗದ ಬಲಮುಖದ ಕರಿಯ ಕರಣೆ ಏಕೆ ಬೇಕು ಎಂಬುದನ್ನು ಸಿ.ವಿ. ರಾಮನ್ 1920ರಲ್ಲಿ ಶಿವಕಾಳಿ ಕುಮಾರ್ ಅವರೊಂದಿಗೆ 'ನೇಚರ್' ಪತ್ರಿಕೆಯಲ್ಲಿ ಬರೆದರು: ಬರಿಯ ಚರ್ಮದ ಕಂಪನಗಳು ಒಂದಕ್ಕೊಂದು ಹೊಂದುವುದಿಲ್ಲ, ನಡುವಿನ ಲೇಪದ ಭಾರ ಅವನ್ನು ಒಂದು, ಎರಡು, ಮೂರು ಎಂಬ ಸಂವಾದಿ ಪ್ರಮಾಣಕ್ಕೆ ತರುತ್ತದೆ. ಎಡಮುಖಕ್ಕೆ ಕಛೇರಿಗೆ ಮುನ್ನ ರವೆ ಕಲಸಿ ಮೆತ್ತುತ್ತಾರೆ. ಆ ಹಸಿ ಭಾರದಿಂದ ನಾದ ಕೆಳಗಿಳಿದು ಗುಮ್ಕಿ ಎಂಬ ಮಂದ್ರ ನಾದ ಹುಟ್ಟುತ್ತದೆ. ಈಗ ತನಿಯಾವರ್ತನದ (ಕಛೇರಿಯಲ್ಲಿ ತಾಳವಾದ್ಯಗಳಷ್ಟೇ ನುಡಿಯುವ ಭಾಗ) ಧ್ವನಿಮುದ್ರಣವೊಂದನ್ನು ಹಾಕಿ. ಬಲಗೈಯ ಪೆಟ್ಟುಗಳು ಗಣಿಲೆಂದು ಕೇಳಿ, ಎಡಗೈಯದು ಹಲಗೆ ತಟ್ಟಿದಷ್ಟೇ ಒಣದಾಗಿ ಕೇಳಿದರೆ ಒಂದೋ ಸಂದಿ ಇದೆ, ಇಲ್ಲವೇ ಹೆಡ್‌ಫೋನೇ ಬಡವು. ಗುಮ್ಕಿ ಉಬ್ಬಿ ಬಂದು ಬಲಗೈಯ ಪೆಟ್ಟನ್ನೇ ನುಂಗಿದರೆ ಅದು "ಎಕ್ಸ್‌ಟ್ರಾ ಬೇಸ್".

ಅಭಿರುಚಿಗೂ ಜಾಗವಿದೆ. ಧ್ವನಿ ಉಪಕರಣ ತಯಾರಿಸುವ ಹಾರ್ಮನ್ ಕಂಪನಿಯ ಸಂಶೋಧಕ ಶಾನ್ ಆಲಿವ್ ಮತ್ತು ಸಂಗಡಿಗರು ಹಲವು ವರ್ಷ ಕೇಳುಗರನ್ನು ಪರೀಕ್ಷಿಸಿ ಕಂಡಂತೆ ಹೆಚ್ಚಿನವರಿಗೆ ಒಂದೇ ಬಗೆಯ ಸಮತೋಲ ಇಷ್ಟವಾಗುತ್ತದೆ. ಮಿಕ್ಕವರಲ್ಲಿ ಕೆಲವರಿಗೆ ಬೇಸ್ ಇನ್ನಷ್ಟು ಬೇಕು, ಕೆಲವರಿಗೆ ಕಡಿಮೆ ಬೇಕು. ಇದನ್ನು ಫೋನಿನ ಈಕ್ವಲೈಜರ್‌ನಲ್ಲಿ (ಮಂದ್ರ, ತಾರ ಧ್ವನಿಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸೌಲಭ್ಯ) ಪುಕ್ಕಟೆಯಾಗಿ ತಿದ್ದಿಕೊಳ್ಳಬಹುದು. ಸಂದಿಯನ್ನು ಅದು ಮುಚ್ಚಲಾರದು.

ಗೌರಿಬಿದನೂರಿನಿಂದ ರೈಲಿನಲ್ಲಿ, ಚಿಕ್ಕಬಳ್ಳಾಪುರದಿಂದ ದೇವನಹಳ್ಳಿಯ ಮೇಲೆ ಬಸ್ಸಿನಲ್ಲಿ ದಿನವೂ ಬೆಂಗಳೂರಿಗೆ ಹೋಗಿ ಬರುವವರಿಗೆ ಮಾತ್ರ ಲೆಕ್ಕ ಬೇರೆಯಾಗುತ್ತದೆ. ಅವರಿಗೆ ಮೊದಲ ಶತ್ರು ಎಂಜಿನ್ನಿನ ಗುಂಯ್‌ಗುಡುವಿಕೆ. ಸದ್ದಡಗಿಸುವ ಹೆಡ್‌ಫೋನ್ ಹೊರಗಿನ ಸದ್ದನ್ನು ಮೈಕ್ರೋಫೋನಿನಿಂದ ಅಳೆದು ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಕಿವಿಗೆ ಬಿಡುತ್ತದೆ. ಉಬ್ಬಿಗೆ ತಗ್ಗು ಕೂಡಿ ಎರಡೂ ಅಳಿಯುತ್ತವೆ. ಗೌರಿಬಿದನೂರಿನ ಹೊರಗೆ ಭಾರತೀಯ ಖಭೌತವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಕೂಡಿ ಕಟ್ಟಿದ ರೇಡಿಯೋ ದೂರದರ್ಶಕ ಇದೇ ಗಣಿತವನ್ನು ತಿರುವು ಹಾಕಿ ಬಳಸಿತು: 'ಟಿ' ಆಕಾರದಲ್ಲಿ ಹರಡಿದ ಸಾವಿರ ಆಂಟೆನಾಗಳು ಹಿಡಿದ ಅಲೆಗಳನ್ನು ಉಬ್ಬಿಗೆ ಉಬ್ಬು ಸೇರುವಂತೆ ಕೂಡಿಸಿ ಆಕಾಶದ ಕ್ಷೀಣ ಸಂಕೇತವನ್ನು ದೊಡ್ಡದು ಮಾಡಿತು. ಅಲ್ಲಿನ ಅಲೆಯ ಉದ್ದ ಸುಮಾರು 8.7 ಮೀಟರ್. ಕೂಡಿಸುವುದಾಗಲಿ ಕಳೆಯುವುದಾಗಲಿ, ಅಲೆ ಉದ್ದವಾದಷ್ಟೂ ಸಣ್ಣ ತಪ್ಪುಗಳನ್ನು ಅದು ಸಹಿಸಿಕೊಳ್ಳುತ್ತದೆ. 100 ಹರ್ಟ್ಸ್‌ನ ಎಂಜಿನ್ ಸದ್ದಿನ ಅಲೆ ಸುಮಾರು ಮೂರೂವರೆ ಮೀಟರ್, ಅಳಿಸುವುದು ಸುಲಭ. 5,000 ಹರ್ಟ್ಸ್‌ನ ಅಲೆ 7 ಸೆಂಟಿಮೀಟರ್. ಸೆಕೆಂಡಿನ ಹತ್ತು ಸಾವಿರದ ಒಂದು ಭಾಗ ತಡವಾದರೆ ಉಬ್ಬಿಗೆ ಉಬ್ಬೇ ಸೇರಿ ಸದ್ದು ಹೆಚ್ಚುತ್ತದೆ. ಹಾಗಾಗಿಯೇ ಇಂಥ ಹೆಡ್‌ಫೋನ್ ಹಾಕಿದರೂ ಪಕ್ಕದ ಸೀಟಿನ ಮಗುವಿನ ಅಳು ಕೇಳುತ್ತದೆ. ಮೇಲಿನ ಕಂಪನಾಂಕಗಳನ್ನು ತಡೆಯುವುದು ಮತ್ತದೇ ರಬ್ಬರ್ ತುದಿಯ ಬಿಗಿ. ಜರ್ಮನಿಯ ಪಾಲ್ ಲ್ಯೂಗ್ ಅವರಿಗೆ ಈ ತತ್ವಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1936ರಲ್ಲಿ. 1978ರಲ್ಲಿ ಜ್ಯೂರಿಕ್‌ನಿಂದ ಮರಳುವ ವಿಮಾನದಲ್ಲಿ ಎಂಜಿನ್ ಸದ್ದಿನ ನಡುವೆ ಸಂಗೀತ ಕೇಳಲಾಗದ ಅಮರ್ ಬೋಸ್, ಬೋಸ್ ಕಂಪನಿ ಕಟ್ಟಿದವರು, ಅಲ್ಲೇ ಕುಳಿತು ಲೆಕ್ಕ ಹಾಕಿದರು. ಪೈಲಟ್‌ಗಳಿಗಾಗಿ ಅವರ ಕಂಪನಿಯ ಹೆಡ್‌ಸೆಟ್ ಮಾರುಕಟ್ಟೆಗೆ ಬಂದದ್ದು 1989ರಲ್ಲಿ.

ಈ ಸೌಕರ್ಯಕ್ಕೆ ಹೆಚ್ಚು ಹಣ ಕೊಡಬಹುದು ಎಂದು ನಾನು ಹೇಳುವುದು ಐಷಾರಾಮಕ್ಕಲ್ಲ. ಬಸ್ಸಿನ ಸದ್ದನ್ನು ಮೀರಿಸಲು ಹುಡುಗರು ವಾಲ್ಯೂಮ್ ಏರಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧವಾಗುತ್ತದೆ. 90ಕ್ಕೆ ಬಂದರೆ ವಾರವಿಡೀ ಸೇರಿ ಉಳಿಯುವುದು 4 ಗಂಟೆ. ದಿನಕ್ಕೆರಡು ಸಲ ಬೆಂಗಳೂರಿನ ದಾರಿ ಹಿಡಿಯುವವರಿಗೆ ಅದು ಮಂಗಳವಾರಕ್ಕೇ ಮುಗಿದುಹೋಗುತ್ತದೆ. ಕಿವಿಯ ಒಳಗಿನ ರೋಮಕೋಶಗಳು ಒಂದು ಕಿವಿಗೆ ಸುಮಾರು 15,000. ಸತ್ತದ್ದು ಮತ್ತೆ ಹುಟ್ಟುವುದಿಲ್ಲ.

ಜನ ಹೆದರುವುದು ಇದಕ್ಕಲ್ಲ, ಬ್ಲೂಟೂತ್ ಮೆದುಳನ್ನು ಸುಡುತ್ತದೆ ಎಂಬ ವಾಟ್ಸ್‌ಆಪ್ ಸಂದೇಶಕ್ಕೆ! ಸಾಮಾನ್ಯ ಬ್ಲೂಟೂತ್ ಇಯರ್‌ಫೋನಿನ ಪ್ರಸಾರ ಶಕ್ತಿ ಕೆಲವೇ ಮಿಲಿವ್ಯಾಟ್. ಕಿವಿಗೆ ಒತ್ತಿ ಹಿಡಿಯುವ 4ಜಿ ಫೋನಿನದು ಗರಿಷ್ಠ 200 ಮಿಲಿವ್ಯಾಟ್ ಮುಟ್ಟುತ್ತದೆ. ಎರಡೂ ಅಣುಗಳನ್ನು ಮುರಿಯುವ ವಿಕಿರಣವಲ್ಲ. ಬ್ಲೂಟೂತ್‌ನ ನಿಜವಾದ ಕೊರತೆ ಬ್ಯಾಟರಿ: ಅದು ಸವೆದ ದಿನ ಒಳ್ಳೆಯ ಇಯರ್‌ಫೋನೂ ಕಸವಾಗುತ್ತದೆ. ಕೈಯಲ್ಲಿ ಸಾವಿರ ರೂಪಾಯಿಯಷ್ಟೇ ಇದ್ದರೆ ಬ್ಯಾಟರಿಗೂ ರೇಡಿಯೋ ಚಿಪ್ಪಿಗೂ ಅದನ್ನು ಹಂಚದೆ ತಂತಿಯ ಇಯರ್‌ಫೋನ್ ಕೊಳ್ಳುವುದೇ ಜಾಣತನ. ಚಿನ್ನದ ಲೇಪದ ಜ್ಯಾಕ್ ತುಕ್ಕು ಹಿಡಿಯುವುದಿಲ್ಲ, ನಾದವನ್ನೇನೂ ಬದಲಿಸುವುದಿಲ್ಲ. ನೂರು ಗಂಟೆ ಓಡಿಸಿದರೆ ಹೆಡ್‌ಫೋನ್ "ಪಳಗುತ್ತದೆ" ಎನ್ನುವವರ ವಿಷಯದಲ್ಲಿ ಪಳಗಿರುವುದು ಕಿವಿ.

ಇಂಥ ಮಾತುಗಳನ್ನು ಹೇಗೆ ತೂಗಬೇಕು ಎಂಬುದನ್ನು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಭೌತವಿಜ್ಞಾನಿಯೊಬ್ಬರು ತೋರಿಸಿಕೊಟ್ಟಿದ್ದಾರೆ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದರು. ಪವಾಡ ಮಾಡುವವರು ಪರೀಕ್ಷಕರ ಷರತ್ತಿನಲ್ಲಿ ಮಾಡಿ ತೋರಿಸಲಿ ಎಂಬುದಷ್ಟೇ ಬೇಡಿಕೆ. ಹೆಡ್‌ಫೋನಿಗೂ ಅದೇ ಷರತ್ತು ಹಾಕಿ. ಗೆಳೆಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಕಣ್ಣು ಮುಚ್ಚಿ, ಬೆಲೆ ಕೇಳದೆ, ಒಂದಾದ ಮೇಲೊಂದರಂತೆ ಅವರಿಂದಲೇ ಹಾಕಿಸಿಕೊಳ್ಳಿ. ಎರಡರ ಜೋರು ಒಂದೇ ಮಟ್ಟಕ್ಕೆ ಬರುವವರೆಗೆ ಅವರು ವಾಲ್ಯೂಮ್ ಸರಿ ಮಾಡಲಿ. ಇದನ್ನು ಬಿಡಲೇಬಾರದು: ಸದ್ದು ಕುಗ್ಗಿದಾಗ ಕಿವಿಗೆ ಬೇಸ್ ಹೆಚ್ಚು ಬೇಗ ಮಾಯವಾಗುತ್ತದೆ ಎಂಬುದನ್ನು ಅಮೆರಿಕದ ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದಿದ್ದಾರೆ, ಅದರಿಂದ ತುಸು ಜೋರಾಗಿರುವುದೇ ತುಂಬುನಾದದ್ದು ಎನಿಸಿಬಿಡುತ್ತದೆ. ನಿಮಗೆ ಬಾಯಿಪಾಠವಾಗಿರುವ ಹಾಡನ್ನೇ ಹಾಕಿಸಿ, ಅಂಗಡಿಯವರ ಡೆಮೊ ಹಾಡು ಬೇಡ. ಯಾವುದು ಯಾವುದೆಂದು ಹೇಳಲಾಗದಿದ್ದರೆ ಅಗ್ಗದ್ದನ್ನು ಕಟ್ಟಿಸಿಕೊಳ್ಳಿ, ಮಿಕ್ಕ ಹಣದಲ್ಲಿ ನಿಮ್ಮ ಕಿವಿಯ ಅಳತೆಯ ಒಂದು ಜೊತೆ ಫೋಮ್ ತುದಿ ಕೊಳ್ಳಿ.