13ಕ್ಕೆ ಟೆಸ್ಟ್ ಆದ ಟ್ಯಾಂಕು 12ರಲ್ಲಿ ಓಡೀತೇ?

ಮಂಗಳೂರಿನ ಬೈಕಂಪಾಡಿಯ ವರ್ಕ್‌ಶಾಪುಗಳಲ್ಲಿ ಕಂಪ್ರೆಸರ್ ಗಾಳಿ ತುಂಬಿಡುವ ಏರ್ ಟ್ಯಾಂಕಿನ ನೇಮ್‌ಪ್ಲೇಟ್ ಓದಿದವರು ಸಾಮಾನ್ಯವಾಗಿ ಕೇಳುವುದು ಇದನ್ನೇ: ‘ಸಾರ್, ಡಿಸೈನ್ 10, ಟೆಸ್ಟ್ 13 ಅಂತ ಉಂಟಲ್ಲ, 12ರಲ್ಲಿ ಓಡಿಸಿದರೆ ಏನಾಗ್ತದೆ?’

ಓಡಿಸಬಾರದು. ಈ ಅಂಕಿಗಳು ಬಾರ್ ಎಂಬ ಒತ್ತಡದ ಅಳತೆಯವು. 10 ಬಾರ್ ಎನ್ನುವುದು ತಗಡಿನ ದಪ್ಪವನ್ನು ಲೆಕ್ಕ ಹಾಕಿದ ಒತ್ತಡ, 13 ಟೆಸ್ಟಿನಲ್ಲಿ ಮಾತ್ರ ಏರಿಸುವ ಒತ್ತಡ. ಸೇಫ್ಟಿ ವಾಲ್ವ್ ಅದಕ್ಕಿಂತ ಮೇಲೆ ತೆರೆಯುವಂತೆ ಸೆಟ್ ಮಾಡುವ ಹಾಗಿಲ್ಲ. ಕಂಪ್ರೆಸರ್ 8ಕ್ಕೆ ಕಟ್ ಆಗಲಿ, ಅಂದರೆ ತಾನಾಗಿ ನಿಲ್ಲಲಿ. 9.5ರವರೆಗೆ ಏರಿಸಿದರೆ ವಾಲ್ವ್ ಸದಾ ಸುಯ್‌ಗುಟ್ಟುತ್ತದೆ, ಸೀಟ್ ಸವೆಯುತ್ತದೆ. ಕಿರಿಕಿರಿ ತಾಳದೆ ಯಾರೋ ಸ್ಪ್ರಿಂಗ್ ಬಿಗಿದುಬಿಡುತ್ತಾರೆ. ಅಲ್ಲಿಗೆ ಫಲಕದ ಮೇಲಿನ 10ಕ್ಕೆ ಅರ್ಥವಿಲ್ಲ.

800 ಮಿ.ಮೀ. ವ್ಯಾಸದ, 6 ಮಿ.ಮೀ. ತಗಡಿನ ಟ್ಯಾಂಕು ತೆಗೆದುಕೊಳ್ಳಿ. 410 ಎಂಪಿಎ (1 ಎಂಪಿಎ ಎಂದರೆ 10 ಬಾರ್) ಕರ್ಷಣ ಶಕ್ತಿಯ, ಅಂದರೆ ಅಷ್ಟು ಎಳೆತಕ್ಕೆ ತುಂಡಾಗುವ ಮೈಲ್ಡ್ ಸ್ಟೀಲ್. ಅದನ್ನು ಸುರಕ್ಷತೆಗಾಗಿ 3.5ರಿಂದ ಭಾಗಿಸಿದರೆ 117. ವೆಲ್ಡಿಂಗಿನ ದಕ್ಷತೆ 0.7, ಅಂದರೆ ಬೆಸುಗೆಗೆ ತಗಡಿನ ಬಲದ 70% ಎಂದು ಹಿಡಿದರೆ ತಗಡಿಗೆ ಹೊರಿಸಬಹುದಾದ ಎಳೆತವಾಗಿ ಉಳಿಯುವುದು 82. 10 ಬಾರಿಗೆ ಬೇಕಾದ ದಪ್ಪ ಸುಮಾರು 4.9 ಮಿ.ಮೀ. ಮಿಕ್ಕ ಒಂದು ಮಿ.ಮೀ. ಚಿಲ್ಲರೆ ತುಕ್ಕಿಗೆ ಬಿಟ್ಟ ಪಾಲು.

ಈಗ ಅದೇ ತಗಡು ಸವೆದು 3 ಮಿ.ಮೀ. ಆಗಿದೆ ಎನ್ನಿ. 13 ಬಾರಿನ ನೀರಿನ ಟೆಸ್ಟಿನಲ್ಲಿ ಒಳಗಿನ ಎಳೆತ 173 ಎಂಪಿಎ. ಈ ಉಕ್ಕು ಬಾಗಿ ಹಿಂದಿರುಗದ ಮಿತಿ 250. ಅಂದರೆ ಅರ್ಧ ತಗಡು ಹೋದ ಟ್ಯಾಂಕೂ ಟೆಸ್ಟಿನಲ್ಲಿ ಪಾಸಾಗಬಹುದು! ಟೆಸ್ಟ್ ಹೇಳುವುದು ಸೋರಿಕೆ ಮತ್ತು ದೊಡ್ಡ ದೋಷವನ್ನು ಮಾತ್ರ, ಉಳಿದ ಆಯುಷ್ಯವನ್ನಲ್ಲ. ಅದಕ್ಕೆ ತಗಡಿನ ದಪ್ಪವನ್ನು ಶಬ್ದದ ಅಲೆಯಿಂದ ಅಳೆಯುವ ಅಲ್ಟ್ರಾಸಾನಿಕ್ ಗೇಜ್ ಬೇಕು. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಟ್ಯಾಂಕಿನ ತಳದಲ್ಲಿ ನೀರು ಬೇಗ ಕೂಡುತ್ತದೆ. ಡ್ರೈನ್ ಬಾಯಿಯ ಸುತ್ತ, ಕಾಲು ಬೆಸೆದ ಜಾಗದ ಪಕ್ಕ ಮೊದಲು ಅಳೆಯಿರಿ. 4 ಮಿ.ಮೀ.ಗೆ ಇಳಿದಿದ್ದರೆ ಈ ಟ್ಯಾಂಕಿನ ಮಿತಿ 8 ಬಾರ್ ಮಾತ್ರ. ಸೇಫ್ಟಿ ವಾಲ್ವನ್ನೂ ಅಲ್ಲಿಗೆ ಇಳಿಸಬೇಕು, ಕಂಪ್ರೆಸರ್ ಕಟ್ ಆಗುವ ಒತ್ತಡವನ್ನು ಇನ್ನೂ ಕೆಳಗೆ.

ಟೆಸ್ಟಿಗೆ ಗಾಳಿ ಬೇಡ, ನೀರು ಸಾಕು. ಒಡೆದರೆ ನೀರು ಚಿಮ್ಮಿ ನಿಲ್ಲುತ್ತದೆ, ಗಾಳಿ ತಗಡನ್ನೇ ಎಸೆಯುತ್ತದೆ. ಮೇಲಿನ ಬಾಯಿ ತೆರೆದು ಗಾಳಿ ಪೂರ್ತಿ ಹೊರಹೋಗುವಷ್ಟು ತುಂಬಿಸಿ. ಕೈಪಂಪು ಹೊಡೆದಷ್ಟೂ ಮೆತ್ತಗೆ ಏರಿದರೆ ಗಾಳಿ ಸಿಕ್ಕಿಕೊಂಡಿದೆ ಎಂದೇ ಅರ್ಥ. ಒತ್ತಡದ ಗೇಜ್ ಸುಮಾರು 25 ಬಾರ್ ತೋರಿಸುವಂಥದ್ದಿರಲಿ, ಎರಡಿದ್ದರೆ ಇನ್ನೂ ಒಳ್ಳೆಯದು. ಹಂತಹಂತವಾಗಿ 13ಕ್ಕೇರಿಸಿ, ಹಿಡಿದು, 10ಕ್ಕಿಳಿಸಿದ ಮೇಲಷ್ಟೇ ಬೆಸುಗೆಯ ಹತ್ತಿರ ಕಣ್ಣಿಡಿ. ಬಾವಿಯ ತಣ್ಣೀರು ತುಂಬಿಸಿ ಬಿಸಿಲಲ್ಲಿಟ್ಟರೆ ಗೇಜ್ ತಾನಾಗಿಯೇ ಏರುತ್ತದೆ, ಮೋಡ ಬಂದರೆ ಇಳಿಯುತ್ತದೆ. ಸೋರಿಕೆ ಎಂದು ಹುಡುಕುತ್ತಾ ಕೂರಬೇಡಿ. ನೆರಳಲ್ಲೇ ಟೆಸ್ಟ್ ಮಾಡಿ.

ನೀರು ಬಿಡುವಾಗ ಮೇಲಿನ ಬಾಯಿ ತೆರೆದಿರಬೇಕು. ಟೆಸ್ಟಿಗೆಂದು ಸೇಫ್ಟಿ ವಾಲ್ವ್ ಜಾಗದಲ್ಲಿ ಹಾಕಿದ್ದ ಪ್ಲಗ್ ತೆಗೆದು ವಾಲ್ವ್ ಕೂರಿಸಿದ್ದನ್ನು ಇನ್ನೊಬ್ಬರು ನೋಡಿದ ಮೇಲೆಯೇ ಕಂಪ್ರೆಸರ್ ಸ್ವಿಚ್ ಮುಟ್ಟಿ.