ಕೋರೆಹಲ್ಲಿನ ಜಿಂಕೆ ರಕ್ತ ಕುಡಿಯುತ್ತದೆಯೇ?

ಪ್ರಶ್ನೆ: ಮೊಬೈಲ್‌ನಾಗ ಉದ್ದ ಹಲ್ಲಿನ ಜಿಂಕಿ ಫೋಟೋ ಬಂದೈತ್ರಿ. ‘ರಕ್ತ ಕುಡಿಯೋ ಜಿಂಕಿ’ ಅಂತ ಬರದಾರ. ಖರೇನ್ರಿ? ನಮ್ಮ ಹೊಲಕ್ಕ ಬರೋ ಚಿಗರಿಗೂ ಅಂಥ ಹಲ್ಲು ಇರ್ತಾವೇನ್ರಿ? ಮನ್ಯಾಗ ಹುಡುಗರು ಹೆದರ್‍ಯಾವು.
– ಯಲಬುರ್ಗಾ ತಾಲ್ಲೂಕಿನ ಓದುಗರು, ಕೊಪ್ಪಳ ಜಿಲ್ಲೆ

ಅಂಥ ಪ್ರಾಣಿ ಇರುವುದು ಖರೆ. ರಕ್ತ ಕುಡಿಯುವುದು ಸುಳ್ಳು. ಚಿಗರಿಗಂತೂ ಕೋರೆಹಲ್ಲೇ ಇಲ್ಲ. ಅದು ಕಡಲೆ ಮೇಯುವ ಚಿಂತೆ ದೊಡ್ಡದೇ, ಆದರೆ ಹುಡುಗರು ಅದರ ಬಾಯಿಗೆ ಹೆದರಬೇಕಿಲ್ಲ.

ಚಿಗರಿ, ಅಂದರೆ ಕೃಷ್ಣಮೃಗ, ಕುರಿ-ಆಡು-ದನಗಳ ಬಳಗದ್ದು. ಸಂತೆಯಲ್ಲಿ ಟಗರಿನ ತುಟಿ ಸರಿಸಿ ‘ಎರಡು ಹಲ್ಲು, ನಾಲ್ಕು ಹಲ್ಲು’ ಅಂತ ವಯಸ್ಸು ಹೇಳುತ್ತಾರಲ್ಲ, ಅವರು ನೋಡುವುದು ಕೆಳಗಿನ ಸಾಲನ್ನು. ಮೇಲೆ ಮುಂದಿನ ಹಲ್ಲೇ ಇರುವುದಿಲ್ಲ, ಬರೀ ಗಟ್ಟಿ ವಸಡು. ಚಿಗರಿಯ ಬಾಯಿಯೂ ಹಾಗೇ. ಹೆಣ್ಣಿಗಾಗಿ, ಜಾಗಕ್ಕಾಗಿ ಕಾದಾಡಲು ಗಂಡಿಗೆ ತಿರುಚಿದ ಕೊಂಬಿದೆ.

ಕೊಂಬೇ ಇಲ್ಲದ ಗಂಡು ಏನು ಮಾಡಬೇಕು? ಅದಕ್ಕೇ ಆ ಹಲ್ಲು. ಚೀನಾ, ಕೊರಿಯಾದ ನೀರು ಜಿಂಕೆಗೆ ಕೊಂಬಿಲ್ಲ. ಗಂಡಿನ ಮೇಲ್ದವಡೆಯಿಂದ ಕೋರೆಹಲ್ಲು ಇಳಿದಿರುತ್ತದೆ, 8 ಸೆಂಟಿಮೀಟರ್‌ವರೆಗೂ ಬೆಳೆಯಬಹುದು. ಆ ಹಲ್ಲು ದವಡೆಯಲ್ಲಿ ಬಿಗಿಯಾಗಿ ಕೂತಿರುವುದಿಲ್ಲ, ಸ್ವಲ್ಪ ಅಲ್ಲಾಡುತ್ತದೆ. ಮೇಯುವಾಗ ಮುಖದ ಸ್ನಾಯುಗಳಿಂದ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಇನ್ನೊಂದು ಗಂಡು ಎದುರಾದರೆ ಮುಂದಕ್ಕೆ ತರುತ್ತದೆ. ಊಟಕ್ಕೆ ಅಡ್ಡ ಬರುತ್ತದೆಂದು ಬದಿಗೆ ಸರಿಸುವ ಹಲ್ಲು ಅದು! ಅದರಿಂದ ರಕ್ತ ಹೀರುವುದೆಲ್ಲಿ ಬಂತು?

ಹಿಮಾಲಯದ ಕಸ್ತೂರಿ ಮೃಗಕ್ಕೂ ಕೊಂಬಿಲ್ಲ, ಗಂಡಿಗೆ ಕೋರೆ ಉಂಟು. ತಿನ್ನುವುದು ಎಲೆ, ಹುಲ್ಲು, ಮಸಾಲೆಗೆ ಹಾಕುವ ಕಲ್ಲುಹೂವಿನಂಥದ್ದು. ನಮ್ಮ ಮಲೆನಾಡಿನ ಕಾಡುಕುರಿ, ಅಂದರೆ ಬೊಗಳುವ ಜಿಂಕೆಯ ಗಂಡಿಗೆ ಎರಡೂ ಇವೆ: ಗಿಡ್ಡ ಕೊಂಬು, ಚಿಕ್ಕ ಕೋರೆ.

ಇನ್ನು ರಕ್ತ ಹೀರುವ ಪಿಶಾಚಿಯ ಕಥೆ. ಅದು ಹುಟ್ಟಿದ್ದು ಪೂರ್ವ ಯುರೋಪಿನ ಹಳ್ಳಿಗಳಲ್ಲಿ. 1725ರಲ್ಲಿ ಸರ್ಬಿಯಾದ ಒಂದು ಹಳ್ಳಿಯವರು ಸತ್ತವನೊಬ್ಬ ಎದ್ದು ಬಂದು ಜನರನ್ನು ಕೊಲ್ಲುತ್ತಿದ್ದಾನೆ ಅಂತ ಗೋರಿ ಅಗೆದರು. ಹೆಣದ ಬಾಯಲ್ಲಿ ರಕ್ತ ಕಂಡಿತು. ಹೆಣ ಕೊಳೆಯುವಾಗ ಒಳಗಿನ ಗಾಳಿ ಒತ್ತಿ ಹಾಗೆ ಹೊರಬರುವುದುಂಟು, ಅವರಿಗೆ ಅದು ಗೊತ್ತಿರಲಿಲ್ಲ. ಹಳ್ಳಿಯ ಆ ಹಳೆಯ ಪಿಶಾಚಿ ಊದಿಕೊಂಡ, ಕೆಂಪು ಮುಖದ ಹೆಣ. ಚೂಪು ಕೋರೆಹಲ್ಲು ಅದರ ಗುರುತಾದದ್ದು 19ನೇ ಶತಮಾನದ ಇಂಗ್ಲಿಷ್ ಕಾದಂಬರಿಗಳಿಂದ, ಆಮೇಲೆ ಸಿನಿಮಾಗಳಿಂದ. ನಮ್ಮ ದೆವ್ವಗಳನ್ನೇ ನೋಡಿ: ಪಾದ ಹಿಂದುಮುಂದು ಇರುತ್ತದೆ ಅಂತಾರೆ, ‘ನಾಳೆ ಬಾ’ ಅಂತ ಬಾಗಿಲಿಗೆ ಬರೆದರೆ ವಾಪಸ್ ಹೋಗುತ್ತದೆ ಅಂತಾರೆ. ಜಿಂಕೆಯ ಸುದ್ದಿಯೇ ಇಲ್ಲ.

ಹಾಗಾದರೆ ಪಿಶಾಚಿಗೂ ಜಿಂಕೆಗೂ ಗಂಟು ಹಾಕಿದವರು ಯಾರು? ಬಹುಮಟ್ಟಿಗೆ ಪತ್ರಿಕೆಗಳ ತಲೆಬರಹ. ಅಫ್ಗಾನಿಸ್ತಾನದ ನೂರಿಸ್ತಾನದಲ್ಲಿ 1948ರ ನಂತರ ಕಾಶ್ಮೀರ ಕಸ್ತೂರಿ ಮೃಗವನ್ನು ಯಾವ ವಿಜ್ಞಾನಿಯೂ ಕಂಡಿರಲಿಲ್ಲ. 2009ರ ಸರ್ವೆಯಲ್ಲಿ ಅದು ಮತ್ತೆ ಕಂಡಿತು, ವರದಿ 2014ರಲ್ಲಿ ಹೊರಬಂತು. ಅರವತ್ತು ವರ್ಷ ಕಳೆದರೂ ಆ ಕಡಿದಾದ ಬೆಟ್ಟಗಳಲ್ಲಿ ಅದು ಉಳಿದಿತ್ತು. ಎಂಥ ಸಂತೋಷದ ಸುದ್ದಿ ಅಲ್ವಾ? ಆದರೆ ತಲೆಬರಹಗಳಲ್ಲಿ ಅದು ‘ರಕ್ತಪಿಶಾಚಿ ಜಿಂಕೆ’ ಆಯಿತು, ಜನರ ಬಾಯಲ್ಲಿ ಉಳಿದದ್ದು ಬರೀ ಹಲ್ಲು, ರಕ್ತ.

ಖರೆ ರಕ್ತ ಹರಿಯುವುದು ಆ ಪ್ರಾಣಿಯದು. ಗಂಡಿನ ಹೊಟ್ಟೆಯಡಿಯ ಪುಟ್ಟ ಚೀಲದಲ್ಲಿರುವ ಕಸ್ತೂರಿಗಾಗಿ ಕಳ್ಳಬೇಟೆಗಾರರು ಉರುಳು ಹಾಕುತ್ತಾರೆ. ಉರುಳಿಗೆ ಗಂಡು-ಹೆಣ್ಣು, ಮರಿ-ದೊಡ್ಡದು ಅನ್ನುವ ಭೇದವಿಲ್ಲ. ಕಸ್ತೂರಿಯೇ ಇಲ್ಲದ ಹೆಣ್ಣೂ ಮರಿಯೂ ಅದರಲ್ಲಿ ಸಿಕ್ಕಿ ಸಾಯುತ್ತವೆ.